ಬಾಗಿಲು ಹಾಕಿಕೊಂಡ ಮಧ್ಯಾಹ್ನ

(ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

1980ರ ಫೆಬ್ರುವರಿ 16, ಶನಿವಾರ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಊಟ ಮುಗಿಯುವ ಮೊದಲೇ ಕಿಟಕಿಗಳಿಗೆ ಚಾದರ ಕಟ್ಟಿದ್ದರು. ನನಗಾಗ ಒಂಬತ್ತು ವರ್ಷ. ಅಂದು ಖಗ್ರಾಸ ಸೂರ್ಯಗ್ರಹಣ. ಅಜ್ಜಿ ನೀರಿನ ಕೊಡ, ಹಾಲಿನ ಪಾತ್ರೆ, ಉಪ್ಪಿನಕಾಯಿ ಭರಣಿ ಎಲ್ಲದರ ಮೇಲೂ ಒಂದೊಂದು ದರ್ಭೆಯಿಟ್ಟು ಮೂಲೆಯಲ್ಲಿ ಜಪಕ್ಕೆ ಕುಳಿತಿದ್ದಳು. ಸೋದರಮಾವ ಬಿ.ಎಸ್‌ಸಿ. ಓದುತ್ತಿದ್ದ. ರಾಹು ಕೇತುಗಳ ಮಾತೆತ್ತಿದರೆ ನಗುತ್ತಿದ್ದ. ಆದರೆ ಬಾಗಿಲಿಗೆ ಅಗುಳಿ ಹಾಕಿದವನು ಅವನೇ. ಗ್ರಹಣ ನೋಡಿದರೆ ಕಣ್ಣು ಹೋಗುತ್ತದೆ, ಮನೆಯೊಳಗೇ ಇರಿ ಎಂಬ ಎಚ್ಚರಿಕೆ ಆಗ ಎಲ್ಲ ಕಡೆಯಿಂದಲೂ ಬರುತ್ತಿತ್ತು.

ಹಿತ್ತಲಿನ ಹುಣಸೆ ಮರದಲ್ಲಿ ಕಾಗೆಗಳು ಕೂಗುತ್ತಿದ್ದವು. ನಾನು ಕೇಳಿದೆ: “ಮಾವ, ಕಾಗೆಗಳಿಗೆ ಕಣ್ಣು ಹೋಗುವುದಿಲ್ಲವೇ?” ಮಾವ ಅಂದ: “ವಿಜ್ಞಾನಿಗಳು ಹೇಳಿದ್ದಾರೆ, ಸುಮ್ಮನಿರು.” ಅಜ್ಜಿಯ ಹತ್ತಿರ ಹೋಗಿ ಅದನ್ನೇ ಕೇಳಿದೆ. ಆಕೆ ಜಪಮಣಿ ನಿಲ್ಲಿಸದೆ ಅಂದಳು: “ಹಿರಿಯರು ಹೇಳಿದ್ದಾರೆ, ಸುಮ್ಮನಿರು.”

ಬಹಳ ವರ್ಷಗಳ ಮೇಲೆ ನನಗೆ ತಿಳಿದದ್ದನ್ನು ಈಗ ಹೇಳುತ್ತೇನೆ. ಅದೇ ದಿನ ಹುಬ್ಬಳ್ಳಿಯ ಹತ್ತಿರದ ಹೊಸೂರಿನಲ್ಲಿ ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಖಗೋಳ ವಿಜ್ಞಾನಿಗಳು ಬಿಡಾರ ಹೂಡಿ ದೂರದರ್ಶಕಗಳನ್ನು ನಿಲ್ಲಿಸಿದ್ದರು. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದ ಹೊತ್ತು ಎರಡು ನಿಮಿಷಕ್ಕೂ ಹೆಚ್ಚು. ಆ ಎರಡು ನಿಮಿಷ ಮಾತ್ರ ಯಾವ ಕನ್ನಡಕವೂ ಇಲ್ಲದೆ ಬರಿಗಣ್ಣಿನಲ್ಲಿ ನೋಡಬಹುದು. ಅದಕ್ಕೆ ಮುಂಚೆ, ಅದಾದ ಮೇಲೆ ನೋಡಬಾರದು. ಈ ‘ಮಾತ್ರ’ ಎಂಬುದು ನಮ್ಮ ಓಣಿಗೆ ತಲುಪುವಷ್ಟರಲ್ಲಿ ಬಿದ್ದುಹೋಗಿತ್ತು. ಎಲ್ಲೆಲ್ಲಿಂದಲೋ ಬಂದವರು ನೋಡಿ ಹೋದ, ಕರಿಯ ಚಂದ್ರನ ಸುತ್ತ ಹೊಳೆಯುವ ಸೂರ್ಯನ ಕಿರೀಟವನ್ನು ಅದರ ಕೆಳಗೇ ಇದ್ದ ನಾವು ನೋಡಲಿಲ್ಲ.

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿ ಹೇಳಿದ್ದು ತಪ್ಪು, ಮಾವ ಹೇಳಿದ್ದರಲ್ಲಿ ನಿಜವಿತ್ತು. ಆದರೆ ಒಂಬತ್ತು ವರ್ಷದ ಹುಡುಗನ ಕಡೆಯಿಂದ ನೋಡಿ. ಇಬ್ಬರ ಉತ್ತರವೂ ಒಂದೇ ಅಚ್ಚಿನದು. ಯಾರೋ ಹೇಳಿದ್ದಾರೆ, ಅವರು ದೊಡ್ಡವರು, ನೀನು ಸುಮ್ಮನಿರು. ಹೀಗೆ ಉತ್ತರ ಕೊಟ್ಟಾಗ ಮಗುವಿನ ಪಾಲಿಗೆ ವಿಜ್ಞಾನವೂ ಇನ್ನೊಂದು ಮಡಿಯಾಗುತ್ತದೆ.

ಪ್ರಶ್ನೆ ಕೇಳುವ ಪರಂಪರೆ ನಮ್ಮ ನಾಡಿನಲ್ಲಿ ಇಲ್ಲವೆಂದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಎಂತಹ ಗದ್ದಲವಾಯಿತೆಂಬುದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಅವರೂ ಭೌತಶಾಸ್ತ್ರದ ಮೇಷ್ಟ್ರೇ. ಅವರಿಂದ ನನ್ನಂಥವರು ಕಲಿತದ್ದು ಬಹಳ. ಬೂದಿ ಉದುರಿಸುವವನನ್ನು ಕಂಡರೆ ಅಂಗಿಯ ತೋಳು ಮೇಲೆತ್ತಿ ತೋರಿಸು ಎನ್ನುವ ಧೈರ್ಯ ನಮಗೆ ಬಂದಿದೆ. ಆದರೆ ಬಿಳಿಯ ಕೋಟು ಹಾಕಿದವರ ಎದುರು, ಪಠ್ಯಪುಸ್ತಕದ ಎದುರು, ಕೊನೆಗೆ ಸೀಮೆಸುಣ್ಣ ಹಿಡಿದ ನಮ್ಮ ಎದುರು ಮಗು ಅದೇ ಪ್ರಶ್ನೆ ಕೇಳಿದರೆ? ಅಲ್ಲಿ ನಮಗೆ ಇರಿಸುಮುರಿಸು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಇರಿಸುಮುರಿಸಿನ ಬಗ್ಗೆ.

1963, ಪೂರ್ವ ಆಫ್ರಿಕಾದ ಟಾಂಗಾನೀಕಾ, ಇಂದಿನ ಟಾಂಜಾನಿಯ. ಮಗಂಬಾ ಎಂಬ ಊರಿನ ಶಾಲೆಯಲ್ಲಿ ಎರಾಸ್ಟೊ ಎಂಪೆಂಬಾ ಎಂಬ ಹುಡುಗ. ಆ ಶಾಲೆಯ ಹುಡುಗರಿಗೆ ಐಸ್‌ಕ್ರೀಮ್ ಮಾಡುವ ಹುಚ್ಚು. ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಫ್ರೀಜರಿನಲ್ಲಿ ಇಡಬೇಕು. ಫ್ರೀಜರಿನಲ್ಲಿ ಜಾಗ ಕಡಿಮೆ, ಹುಡುಗರು ಜಾಸ್ತಿ. ಒಂದು ದಿನ ಎಂಪೆಂಬಾ ಹಾಲು ಕಾಯಿಸುತ್ತಿದ್ದಾಗ ಇನ್ನೊಬ್ಬ ಹುಡುಗ ಹಾಲು ಕಾಯಿಸದೆಯೇ ಸಕ್ಕರೆ ಬೆರೆಸಿ ತಟ್ಟೆಗೆ ಸುರಿದು ಫ್ರೀಜರಿನತ್ತ ಓಡಿದ. ಜಾಗ ಹೋಗುತ್ತದಲ್ಲ! ಇವನೂ ಬಿಸಿ ಹಾಲನ್ನೇ ಒಯ್ದು ಇಟ್ಟುಬಿಟ್ಟ. ಒಂದೂವರೆ ಗಂಟೆ ಬಿಟ್ಟು ಬಂದು ನೋಡಿದರೆ ಇವನದು ಗಟ್ಟಿಯಾಗಿದೆ, ಅವನದು ಇನ್ನೂ ಪಾಯಸದಂತಿದೆ.

ಹೋಗಿ ಮೇಷ್ಟ್ರನ್ನು ಕೇಳಿದ. ನಿನಗೆ ಏನೋ ಗೊಂದಲವಾಗಿದೆ, ಹಾಗಾಗುವುದಿಲ್ಲ ಅಂದರು. ಹುಡುಗ ಒಪ್ಪಿಕೊಂಡ. ಆಮೇಲೆ ಟಾಂಗಾ ಪಟ್ಟಣದಲ್ಲಿ ಐಸ್‌ಕ್ರೀಮ್ ಮಾರುವವರ ಪರಿಚಯವಾಯಿತು. ಬೇಗ ಗಟ್ಟಿಯಾಗಲಿ ಎಂದು ಅವರು ಬಿಸಿಯದನ್ನೇ ಇಡುತ್ತಿದ್ದರಂತೆ. ಮುಂದೆ ಇರಿಂಗಾದ ಪ್ರೌಢಶಾಲೆಗೆ ಹೋದ ಮೇಲೆ ನ್ಯೂಟನ್ನನ ಶೀತಲೀಕರಣ ನಿಯಮದ ಪಾಠ ಬಂದಾಗ ಮತ್ತೆ ಕೇಳಿದ. ಈ ಮೇಷ್ಟ್ರು ಕೊಟ್ಟ ಉತ್ತರ ಜಗತ್ಪ್ರಸಿದ್ಧ: ಅದು ಎಂಪೆಂಬಾನ ಭೌತಶಾಸ್ತ್ರವಿರಬಹುದು, ಲೋಕದ ಭೌತಶಾಸ್ತ್ರವಂತೂ ಅಲ್ಲ. ಅಂದಿನಿಂದ ಅವನ ಲೆಕ್ಕ ತಪ್ಪಿದರೆ ಇಡೀ ತರಗತಿ “ಎಂಪೆಂಬಾನ ಗಣಿತ” ಎಂದು ನಗುತ್ತಿತ್ತು.

ಇಲ್ಲಿ ನಾವು ಶಿಕ್ಷಕರು ಸ್ವಲ್ಪ ತಡೆದು ಯೋಚಿಸಬೇಕು. ಆ ಮೇಷ್ಟ್ರು ಕೆಟ್ಟವರೇ? ನನಗೆ ಹಾಗೆ ಅನ್ನಿಸುವುದಿಲ್ಲ. ನ್ಯೂಟನ್ನನ ನಿಯಮ ಹೇಳುವಾಗ ಹಿಂದಿನ ಬೆಂಚಿನಿಂದ ಐಸ್‌ಕ್ರೀಮ್ ಬಂದರೆ ನಾನೂ ಅದನ್ನೇ ಹೇಳುತ್ತಿದ್ದೆ. ಪಾಠ ಮುಗಿಯಬೇಕು, ಪರೀಕ್ಷೆ ಹತ್ತಿರವಿದೆ. ಅವರಿಗೆ ಹೊಳೆಯದೇ ಹೋದದ್ದು ಒಂದೇ ವಾಕ್ಯ: “ಹೌದೇ? ನಾಳೆ ಎರಡು ಲೋಟ ತಾ, ನೋಡೋಣ.”

ಅದನ್ನು ಹೇಳಿದವರು ಬೇರೊಬ್ಬರು. ದಾರ್ ಎಸ್ ಸಲಾಮ್‌ನ ವಿಶ್ವವಿದ್ಯಾಲಯ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಡೆನಿಸ್ ಆಸ್ಬರ್ನ್ ಆ ಶಾಲೆಗೆ ಉಪನ್ಯಾಸ ಕೊಡಲು ಬಂದರು. ಎಂಪೆಂಬಾ ಎದ್ದು ಕೇಳಿದ: 35 ಡಿಗ್ರಿಯ ನೀರು ಮತ್ತು 100 ಡಿಗ್ರಿಯ ನೀರು ಸಮಸಮ ತೆಗೆದುಕೊಂಡು ಫ್ರೀಜರಿನಲ್ಲಿಟ್ಟರೆ 100 ಡಿಗ್ರಿಯದೇ ಮೊದಲು ಹೆಪ್ಪುಗಟ್ಟುತ್ತದೆ, ಏಕೆ? ಸುತ್ತಲಿದ್ದವರೆಲ್ಲ ನಕ್ಕರು. ಆಸ್ಬರ್ನ್ ಅವರಿಗೂ ಹುಡುಗ ತಪ್ಪಿರಬೇಕೆಂದೇ ಅನ್ನಿಸಿತ್ತು, ಆಮೇಲೆ ಅದನ್ನು ಅವರೇ ಬರೆದರು. ಆದರೂ ಊರಿಗೆ ಮರಳಿ ಪ್ರಯೋಗಾಲಯದ ಸಹಾಯಕನಿಗೆ ಮಾಡಿ ನೋಡಲು ಹೇಳಿದರು. ಸಹಾಯಕ ಬಂದು ವರದಿ ಒಪ್ಪಿಸಿದ: ಬಿಸಿನೀರೇ ಮೊದಲು ಹೆಪ್ಪುಗಟ್ಟಿತು ಸ್ವಾಮಿ, ಆದರೆ ಚಿಂತೆ ಬೇಡ, ಸರಿಯಾದ ಫಲಿತಾಂಶ ಬರುವವರೆಗೆ ಮಾಡುತ್ತಲೇ ಇರುತ್ತೇವೆ! ಪಾಪ, ಅವನನ್ನು ನೋಡಿ ನಗಬೇಡಿ. ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಬರುವವರೆಗೆ ಲೋಲಕದ ಎಣಿಕೆ ತಿದ್ದದವರು ಈ ಸಭೆಯಲ್ಲಿ ಎಷ್ಟು ಜನರಿದ್ದೀರಿ? ಕೈ ಎತ್ತುವುದು ಬೇಡ, ನಾನೂ ಎತ್ತುವುದಿಲ್ಲ.

1969ರಲ್ಲಿ ಎಂಪೆಂಬಾ ಮತ್ತು ಆಸ್ಬರ್ನ್ ಇಬ್ಬರ ಹೆಸರಿನಲ್ಲೂ ಪ್ರಬಂಧ ಪ್ರಕಟವಾಯಿತು. ಆ ವಿದ್ಯಮಾನಕ್ಕೆ ‘ಎಂಪೆಂಬಾ ಪರಿಣಾಮ’ ಎಂದು ಹೆಸರಾಯಿತು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನೂ ಹತ್ತಾರು ಸಲ ಇಲ್ಲಿಗೇ ನಿಲ್ಲಿಸಿದ್ದೇನೆ. ಅದು ನನ್ನ ಸೋಮಾರಿತನ. ಏಕೆಂದರೆ 2016ರಲ್ಲಿ ಬ್ರಿಟನ್ನಿನ ಬರಿಡ್ಜ್ ಮತ್ತು ಲಿಂಡನ್ ಎಂಬ ಇಬ್ಬರು ಅದನ್ನು ಮತ್ತೆ ಅಳೆದು ನೋಡಿದರು. ಬಿಸಿನೀರು ಬೇಗ ತಣ್ಣಗಾಗುವುದಕ್ಕೆ ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ತಾಪಮಾಪಕವನ್ನು ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಇಟ್ಟರೂ ಸಾಕು, ಇಲ್ಲದ ಪರಿಣಾಮ ಇದ್ದಂತೆ ಕಾಣಬಹುದು ಎಂದರು. ಅಲ್ಲಿಗೆ ಹುಡುಗ ತಪ್ಪು, ಮೇಷ್ಟ್ರು ಸರಿ ಎಂದಾಯಿತೇ? ನಾಲ್ಕು ವರ್ಷ ಬಿಟ್ಟು, 2020ರಲ್ಲಿ, ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ನೀರನ್ನು ಹೆಪ್ಪುಗಟ್ಟಿಸುವ ಗೋಜಿಗೇ ಹೋಗದೆ, ದ್ರವದಲ್ಲಿ ತೇಲುವ ಒಂದೇ ಒಂದು ಸೂಕ್ಷ್ಮ ಕಣವನ್ನಿಟ್ಟುಕೊಂಡು, ಹೆಚ್ಚು ಬಿಸಿಯ ಸ್ಥಿತಿಯಿಂದ ಹೊರಟದ್ದು ಬೇಗ ತಣಿಯುವುದು ಸಾಧ್ಯ ಎಂದು ತೋರಿಸಿದರು. ನೀರಿನ ಜಗಳ ಇನ್ನೂ ಹರಿದಿಲ್ಲ. ಹುಡುಗ ಕೇಳಿದ ಪ್ರಶ್ನೆ ಅವನಿಗಿಂತ ದೊಡ್ಡದಾಗಿತ್ತು, ಅವನ ಮೇಷ್ಟ್ರಿಗಿಂತಲೂ ದೊಡ್ಡದಾಗಿತ್ತು. ಅಂದಹಾಗೆ, ಬಿಸಿ ಮಾಡಿದ ನೀರು ಬೇಗ ಹೆಪ್ಪುಗಟ್ಟುತ್ತದೆ ಎಂಬ ಮಾತು ಅರಿಸ್ಟಾಟಲನ ಬರಹದಲ್ಲೇ ಇದೆ. ಆ ಶಾಲೆಯ ಮೇಷ್ಟ್ರು ಅದನ್ನು ಓದಿದ್ದರೆ ಏನನ್ನುತ್ತಿದ್ದರೋ! ಬಹುಶಃ ಎಂಪೆಂಬಾ ಹೇಳಿದರೆ ತಪ್ಪು, ಅರಿಸ್ಟಾಟಲ್ ಹೇಳಿದರೆ ವಿಚಾರಾರ್ಹ.

ಇನ್ನೊಂದು ಮಗು. ಅಮೆರಿಕದ ಕೊಲರಾಡೊ ರಾಜ್ಯದ ಎಮಿಲಿ ರೋಸಾ. ಅಲ್ಲಿನ ಆಸ್ಪತ್ರೆಗಳಲ್ಲಿ, ನರ್ಸಿಂಗ್ ಕಾಲೇಜುಗಳಲ್ಲಿ ‘ಚಿಕಿತ್ಸಕ ಸ್ಪರ್ಶ’ ಎಂಬ ಪದ್ಧತಿ ಹರಡಿತ್ತು. ಹೆಸರು ಸ್ಪರ್ಶ, ಆದರೆ ಮುಟ್ಟುವುದಿಲ್ಲ. ರೋಗಿಯ ಮೈಯಿಂದ ಕೆಲವು ಅಂಗುಲ ಮೇಲೆ ಕೈಯಾಡಿಸಿ ‘ಶಕ್ತಿ ವಲಯ’ವನ್ನು ಸರಿಪಡಿಸುವುದು. ನಮ್ಮಲ್ಲಿ ದೃಷ್ಟಿ ತೆಗೆಯುವುದಕ್ಕೆ ಉಪ್ಪು ಮೆಣಸಿನಕಾಯಾದರೂ ಬೇಕು, ಅಲ್ಲಿ ಅದೂ ಬೇಡ. ಮಾಡುವವರು ತರಬೇತಿ ಪಡೆದವರು, ಕಲಿಸುವವರು ಪ್ರಾಧ್ಯಾಪಕರು. ಒಂಬತ್ತು ವರ್ಷದ ಎಮಿಲಿ ಇದು ಗುಣಪಡಿಸುತ್ತದೆಯೇ ಎಂದು ಕೇಳಲಿಲ್ಲ. ಅದಕ್ಕಿಂತ ಹಿಂದಿನ ಪ್ರಶ್ನೆ ಕೇಳಿದಳು: ಇವರಿಗೆ ಆ ವಲಯ ತಿಳಿಯುತ್ತದೆಯೇ?

ಒಂದು ರಟ್ಟಿನ ಪರದೆ, ಅದರಲ್ಲಿ ಎರಡು ತೂತು. ಚಿಕಿತ್ಸಕರು ಎರಡೂ ಕೈಗಳನ್ನು ತೂತಿನಿಂದ ಆಚೆ ಚಾಚಿ ಅಂಗೈ ಮೇಲೆ ಮಾಡಿ ಇಡಬೇಕು. ಎಮಿಲಿ ನಾಣ್ಯ ಚಿಮ್ಮಿ, ಅದು ಹೇಳಿದ ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈಯ ಹತ್ತಿರ ನನ್ನ ಕೈಯಿದೆ, ಹೇಳಿ. ಇಷ್ಟೇ. ನಾಣ್ಯ ಏಕೆ ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ, ಒಳ್ಳೆಯ ಚರ್ಚೆಯಾಗುತ್ತದೆ. ನಾವೇ ಎಡ ಬಲ ಆರಿಸಿದರೆ ಅದರಲ್ಲಿ ಒಂದು ಲಯ ಬಂದುಬಿಡುತ್ತದೆ, ಎದುರಿನವರು ಅದನ್ನು ಊಹಿಸಬಹುದು. 21 ಮಂದಿ ಕುಳಿತರು. ಒಟ್ಟು 280 ಸಲ. ಸರಿ ಹೇಳಿದ್ದು 123, ಅಂದರೆ ನೂರಕ್ಕೆ 44. ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದರೂ 50ರ ಹತ್ತಿರ ಬರಬೇಕಿತ್ತು! ಶಾಲೆಯ ವಿಜ್ಞಾನ ಮೇಳಕ್ಕೆಂದು ಮಾಡಿದ ಈ ಪ್ರಯೋಗ 1998ರ ಏಪ್ರಿಲ್ 1ರಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾದಾಗ ಅವಳಿಗೆ ಹನ್ನೊಂದು. ಆಕ್ಷೇಪಗಳೂ ಬಂದವು. ತಾಯಿ ಮೊದಲೇ ಆ ಪದ್ಧತಿಯ ವಿರೋಧಿ, ಕೈಯಿಡುವ ಹುಡುಗಿಗೆ ಸರಿಯುತ್ತರ ಗೊತ್ತಿತ್ತು ಎಂದರು. ಬರಲಿ, ಬರಬೇಕಾದ ಆಕ್ಷೇಪಗಳೇ ಅವು. ಹುಡುಗಿ ಎಂಬ ಕಾರಣಕ್ಕೆ ಅವಳಿಗೂ ವಿನಾಯಿತಿ ಕೊಡಬಾರದು.

ಈಗ ನನ್ನದೇ ಒಂದು ಕಥೆ. ಶಾಲೆಯಿಂದ ಕಾರವಾರಕ್ಕೆ ಪ್ರವಾಸ ಹೋಗಿ ಬಂದ ಮರುವಾರ ಒಬ್ಬ ಹುಡುಗ ಎದ್ದು ನಿಂತ. “ಸರ್, ನೀರಿಗೆ ಬಣ್ಣವಿಲ್ಲ ಎಂದು ಪುಸ್ತಕದಲ್ಲಿದೆ. ಕಡಲು ನೀಲಿ ಇತ್ತಲ್ಲ?” ನಾನು ತಡಮಾಡದೆ, “ಅದು ಆಕಾಶದ ಪ್ರತಿಬಿಂಬ ಕಣೋ” ಎಂದೆ. ಅವನು ಕೂರಲಿಲ್ಲ. “ನಮ್ಮನೆ ಹಿಂದಿನ ಕೃಷಿಹೊಂಡದಲ್ಲೂ ಆಕಾಶ ಕಾಣುತ್ತದೆ ಸರ್, ಅದು ಕಂದು ಬಣ್ಣ.” ತರಗತಿ ಕಿಸಕ್ಕೆಂದಿತು. ನಾನು ಹೇಳಿದ್ದು: “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ.” ಅವನು ಕೂತ. ಆಮೇಲೆ ಆ ವರ್ಷವಿಡೀ ಅವನು ಒಂದು ಪ್ರಶ್ನೆಯನ್ನೂ ಕೇಳಿದ ನೆನಪು ನನಗಿಲ್ಲ.

ನನ್ನ ನಾಚಿಕೆ ಇನ್ನೂ ದೊಡ್ಡದಾದದ್ದು ಮುಂದಿನ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಭಾಷಣಕ್ಕೆ ತಯಾರಾಗುವಾಗ. ಆಕಾಶದ ಪ್ರತಿಬಿಂಬ ಎಂಬ ನನ್ನ ಉತ್ತರ ಲಾರ್ಡ್ ರ‍್ಯಾಲೆ ಅವರದಾಗಿತ್ತು. 1904ರ ನೊಬೆಲ್ ಪಡೆದವರು, ಆಕಾಶ ಏಕೆ ನೀಲಿ ಎಂದು ಜಗತ್ತಿಗೆ ತಿಳಿಸಿದವರು. ಅವರ ಮಾತನ್ನು ಅಲ್ಲಗಳೆಯುವವರು ಯಾರು? 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ಮರಳುತ್ತಿದ್ದ 32 ವರ್ಷದ ಸಿ.ವಿ. ರಾಮನ್. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಜೊತೆಗೆ ತಂದಿದ್ದ ನಿಕೋಲ್ ಪಟ್ಟಕವನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಆ ಬೆಳಕನ್ನು ತಡೆಯಬಹುದು. ಕಡಲಿನ ನೀಲಿ ಬರೀ ಆಕಾಶದ ಸಾಲವಾಗಿದ್ದರೆ, ಪ್ರತಿಬಿಂಬವನ್ನು ತಡೆದೊಡನೆ ನೀಲಿಯೂ ಹೋಗಬೇಕು. ಹೋಗಲಿಲ್ಲ, ಇನ್ನೂ ಗಾಢವಾಗಿ ಕಂಡಿತು. ಹಡಗು ಮುಂಬಯಿ ಬಂದರಿನಲ್ಲಿ ನಿಂತಾಗ, ಸೆಪ್ಟೆಂಬರ್ 26ರ ದಿನಾಂಕ ಹಾಕಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದರು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬುದು ಅವರ ವಾದ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೇ ನೀಲಿಗೆ ಮುಖ್ಯ ಕಾರಣ, ಚದುರುವಿಕೆ ಅದನ್ನು ನಮ್ಮ ಕಣ್ಣಿಗೆ ಮರಳಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ಅಂದರೆ ಪುಸ್ತಕದ ‘ನೀರಿಗೆ ಬಣ್ಣವಿಲ್ಲ’ ಎಂಬ ವಾಕ್ಯ ಲೋಟದ ನೀರಿಗೆ ಸರಿ, ಕಡಲಿಗಲ್ಲ. ನನ್ನ ಹುಡುಗ ಕೇಳಿದ್ದೂ ಅದನ್ನೇ.

ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪ್ರತಿ ವಿಜ್ಞಾನ ದಿನದಂದು ನಾವು ರಾಮನ್ ಅವರ ಪಟಕ್ಕೆ ಹಾರ ಹಾಕಿ, ಮಕ್ಕಳಿಂದ ಅವರ ಜೀವನಚರಿತ್ರೆ ಬಾಯಿಪಾಠ ಮಾಡಿಸಿ, ಬಹುಮಾನವಾಗಿ ಸ್ಟೀಲ್ ಡಬ್ಬಿ ಕೊಡುತ್ತೇವೆ. ಅದರ ಬದಲು ಪೋಲರಾಯ್ಡ್ ತಂಪು ಕನ್ನಡಕ ಒಂದನ್ನು ಕೊಟ್ಟು ಊರ ಕೆರೆಯ ದಂಡೆಗೆ ಕರೆದೊಯ್ಯಿರಿ. ಕಣ್ಣಿನ ಮುಂದೆ ಹಿಡಿದು ತಿರುಗಿಸಿದರೆ ನೀರಿನ ಮೇಲಿನ ಹೊಳಪು ಹೋಗಿ ಒಳಗಿನ ಮೀನು ಕಾಣುತ್ತದೆ. ರಾಮನ್ ಹಡಗಿನಲ್ಲಿ ಮಾಡಿದ್ದು ಅದೇ ಕೆಲಸ.

ಇಷ್ಟು ಹೇಳಿದಾಗ ಸಭೆಗಳಲ್ಲಿ ಒಬ್ಬರಾದರೂ ಎದ್ದು ಕೇಳುತ್ತಾರೆ: “ಹಾಗಾದರೆ ಮೇಷ್ಟ್ರೇ, ಡಾಕ್ಟರನ್ನೂ ನಂಬಬಾರದೇ? ಲಸಿಕೆ ಬೇಡ ಎನ್ನುವವರೂ ತಜ್ಞರನ್ನು ಪ್ರಶ್ನಿಸುತ್ತಿದ್ದೇವೆ ಎಂದೇ ಹೇಳುತ್ತಾರಲ್ಲ?” ಇದು ಹಗುರವಾದ ಪ್ರಶ್ನೆಯಲ್ಲ. ನನ್ನ ತಂದೆಗೆ ಎದೆನೋವು ಬಂದ ರಾತ್ರಿ ನಾನು ಡಾಕ್ಟರ ಹತ್ತಿರ ನಾಣ್ಯ ಚಿಮ್ಮಲಿಲ್ಲ, ಹೇಳಿದ ಕಡೆ ಸಹಿ ಹಾಕಿದೆ. ಎಲ್ಲವನ್ನೂ ಎಲ್ಲರೂ ಪರೀಕ್ಷಿಸಿ ಬದುಕಲಾಗುವುದಿಲ್ಲ.

ಆದರೆ 1998ನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಎಮಿಲಿಯ ಪ್ರಬಂಧಕ್ಕೆ ಸುಮಾರು ಒಂದು ತಿಂಗಳು ಮೊದಲು, ಫೆಬ್ರುವರಿಯ ಕೊನೆಯಲ್ಲಿ, ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಜೊತೆಗಾರರ ಪ್ರಬಂಧವೊಂದು ಬಂತು. ದಡಾರದ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಸಂಶಯವನ್ನು ಅದು ಬಿತ್ತಿತು. ನೋಡಿದ್ದು 12 ಮಕ್ಕಳನ್ನು. ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂತಹ ನಂಟು ಕಾಣಲಿಲ್ಲ. ಬ್ರಯನ್ ಡೀರ್ ಎಂಬ ಪತ್ರಕರ್ತ ಕಡತಗಳನ್ನು ಕೆದಕಿ, ಒಳಗೆ ನಡೆದದ್ದನ್ನು ಬಯಲಿಗೆಳೆದ. 2010ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡನ ವೈದ್ಯ ನೋಂದಣಿ ರದ್ದಾಯಿತು. ಒಂದೇ ವರ್ಷದ ಎರಡು ಪ್ರಬಂಧಗಳು. ಒಂದರಲ್ಲಿ ಪದವಿಗಳೆಲ್ಲ ಇದ್ದವು. ಇನ್ನೊಂದರ ಹುಡುಗಿಗೆ ಹೈಸ್ಕೂಲು ಕೂಡ ಮುಗಿದಿರಲಿಲ್ಲ, ಆದರೆ 123 ಸರಿಯುತ್ತರಗಳ ಜೊತೆಗೆ 157 ತಪ್ಪುತ್ತರಗಳ ಲೆಕ್ಕವೂ ಅವಳ ಹತ್ತಿರ ಇತ್ತು.

ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ದೂಡುತ್ತ “ನಾನು ಪ್ರಶ್ನೆ ಕೇಳುತ್ತಿದ್ದೇನೆ” ಎನ್ನುವ ನನ್ನ ಒಬ್ಬ ಗೆಳೆಯನಿದ್ದಾನೆ. ಅವನಿಗೂ ಎಂಪೆಂಬಾನಿಗೂ ಇರುವ ವ್ಯತ್ಯಾಸ ನನಗೆ ಹೀಗೆ ಕಾಣುತ್ತದೆ: ಇವನು ಪ್ರಶ್ನೆ ಎಸೆದು ಹೊರಟುಹೋಗುತ್ತಾನೆ. ಹುಡುಗ ಫ್ರೀಜರಿನ ಬಾಗಿಲ ಬಳಿ ಕಾಯುತ್ತಾನೆ.

2019ರ ಡಿಸೆಂಬರ್ 26ರಂದು ಮತ್ತೆ ಗ್ರಹಣ ಬಂತು. ಕೊಡಗು, ಮಂಗಳೂರುಗಳಲ್ಲಿ ಕಂಕಣ, ನಮ್ಮಲ್ಲಿ ಪಾರ್ಶ್ವ. ಅದೇ ಬೆಳಿಗ್ಗೆ ಕಲಬುರಗಿಯ ಹತ್ತಿರ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಸುದ್ದಿ ನೀವೆಲ್ಲ ಓದಿರುತ್ತೀರಿ. ನಮ್ಮ ಶಾಲೆಗೆ ಅಂದು ಬಂದವರು ಹದಿನೇಳು ಮಕ್ಕಳು. ಸೌರ ಕನ್ನಡಕ ಮೂರೇ ಇದ್ದವು. ಬಿಸಿಯೂಟದ ಅಡುಗೆಯವರಿಂದ ಹಿಟ್ಟಿನ ಸಾಣಿಗೆ ಇಸಿದುಕೊಂಡು ಅಂಗಳದಲ್ಲಿ ಹಿಡಿದೆ. ನೆಲದ ತುಂಬ ಸಣ್ಣ ಸಣ್ಣ ಕುಡುಗೋಲು ಸೂರ್ಯರು.

ಎಂಟನೆಯ ತರಗತಿಯ ಒಬ್ಬ ಹುಡುಗಿ ಸಾಣಿಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು, ನೆಲ ನೋಡಿದಳು. “ಸರ್, ತೂತು ಚೌಕವಾಗಿದೆ. ಬೆಳಕು ಕುಡುಗೋಲಿನ ಹಾಗಿದೆ. ಹಾಗಾದರೆ ಬೇವಿನ ಮರದ ಕೆಳಗೆ ದಿನಾ ಬೀಳುವ ದುಂಡು ಚುಕ್ಕಿಗಳು ಎಲೆಯ ಸಂದಿಗಳಲ್ಲ, ಸೂರ್ಯನೇ?” ಇಪ್ಪತ್ತು ವರ್ಷ ಸೂಜಿರಂಧ್ರ ಬಿಂಬಗ್ರಾಹಿಯ (ಪಿನ್‌ಹೋಲ್ ಕ್ಯಾಮೆರಾದ) ಪಾಠ ಮಾಡಿದ ನಾನು ಬೇವಿನ ಮರದ ಕೆಳಗೆ ಎಂದೂ ಹಾಗೆ ನೋಡಿರಲಿಲ್ಲ. ಹೌದು ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಮಾರನೆಯ ದಿನ ಅವಳು ರಟ್ಟಿನಲ್ಲಿ ತ್ರಿಕೋನದ ತೂತು ಕೊರೆದು ತಂದಳು. ಸಣ್ಣ ತ್ರಿಕೋನ ದುಂಡು ಸೂರ್ಯನನ್ನು ಕೊಟ್ಟಿತು. ದೊಡ್ಡ ತ್ರಿಕೋನ ತ್ರಿಕೋನವನ್ನೇ ಕೊಟ್ಟಿತು. “ಎಷ್ಟು ದೊಡ್ಡದಾದಾಗ ಸರ್, ಸೂರ್ಯ ಹೋಗಿ ತೂತು ಬರುವುದು?” ಒಂದು ಮೀಟರ್ ದೂರಕ್ಕೆ ಸೂರ್ಯನ ಬಿಂಬ ಸುಮಾರು ಒಂಬತ್ತು ಮಿಲಿಮೀಟರ್ ಎಂಬ ಲೆಕ್ಕ ನನಗೆ ಗೊತ್ತಿತ್ತು. ಹೇಳಲಿಲ್ಲ. ಅಳತೆಪಟ್ಟಿ, ಕತ್ತರಿ, ಹಳೆಯ ನೋಟುಪುಸ್ತಕದ ರಟ್ಟುಗಳನ್ನು ತರಲು ಇಬ್ಬರನ್ನು ಕಳುಹಿಸಿದೆ. ಊಟದ ಗಂಟೆ ಹೊಡೆದಾಗ ಅವರು ಹನ್ನೊಂದನೆಯ ತೂತು ಕೊರೆಯುತ್ತಿದ್ದರು.